ಇಳುವರಿ ಏರಿದೆ, ಕೈಗೆ ಉಳಿದದ್ದೆಷ್ಟು? ಗಡಿನಾಡ ಕೃಷಿಕರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಸರಗೋಡಿನ ಅಡಿಕೆ ತೋಟಗಳಿಂದ. ಒಂದು ಮಹಾರಾಷ್ಟ್ರದ ಅಕ್ಕಲಕೋಟೆಯದು, ಇನ್ನೊಂದು ತಮಿಳುನಾಡಿನ ತಾಳವಾಡಿಯದು. ಬಹುತೇಕ ಎಲ್ಲರದೂ ಎಕ್ರೆ, ಎರಡೆಕ್ರೆಯೊಳಗಿನ ಹಿಡುವಳಿ (ನೂರು ಸೆಂಟ್ಸಿಗೆ ಒಂದು ಎಕ್ರೆ). ಪ್ರಶ್ನೆಗಳನ್ನು ಚುಟುಕುಗೊಳಿಸಿದ್ದೇವೆ.

ಪ್ರಶ್ನೆ: 60 ಸೆಂಟ್ಸು ಅಡಿಕೆ ತೋಟ. ಮೂರು ವರ್ಷದಿಂದ ಅಂಗಡಿಯವರು ಹೇಳಿದ ಹಾಗೆ ಸಂಯುಕ್ತ ಗೊಬ್ಬರ, ಟಾನಿಕ್ಕು ಎಲ್ಲ ಹಾಕುತ್ತಿದ್ದೇವೆ. ಅಡಿಕೆ ಹೆಚ್ಚಾದದ್ದು ನಿಜ. ಆದರೆ ಸೊಸೈಟಿಯ ಸಾಲ ಇದ್ದ ಹಾಗೆಯೇ ಉಂಟು. ಸುಧಾರಿತ ಕೃಷಿ ಎಂಬುದು ದೊಡ್ಡ ಕುಳಗಳಿಗೆ ಮಾತ್ರವೇ?
— ಓದುಗರು, ಎಣ್ಮಕಜೆ

ಉತ್ತರ: ಅಲ್ಲ. ಆದರೆ ಯಾವುದನ್ನು ಮೊದಲು ಮಾಡಬೇಕು ಎಂಬುದು ಸಣ್ಣವರಿಗೆ ಬೇರೆ. ಐದೆಕ್ರೆಯವರು ಒಂದು ವರ್ಷದ ಕೈಕಚ್ಚನ್ನು ಮುಂದಿನ ವರ್ಷಕ್ಕೆ ಹೊಂದಿಸಿಕೊಳ್ಳುತ್ತಾರೆ. 60 ಸೆಂಟ್ಸಿನವರಿಗೆ ಅದೇ ಸಾಲವಾಗಿ ಕುಳಿತುಕೊಳ್ಳುತ್ತದೆ.

ಮೊದಲು ಒಂದು ಲೆಕ್ಕ ಹಾಕಿ. ಹೊಸ ಕ್ರಮಕ್ಕೆಂದು ಹೆಚ್ಚಾಗಿ ಖರ್ಚಾದ ಹಣವನ್ನು, ಅದರಿಂದ ಹೆಚ್ಚಾಗಿ ಬಂದ ಚಾಲಿಯ (ಒಣಗಿಸಿ ಸುಲಿದ ಅಡಿಕೆಯ) ಕಿಲೋಗಳಿಂದ ಭಾಗಿಸಿ. 12,000 ರೂಪಾಯಿ ಹೆಚ್ಚು ಖರ್ಚು ಮಾಡಿ 60 ಕಿಲೋ ಹೆಚ್ಚು ಬಂತು ಎಂದಿಟ್ಟುಕೊಳ್ಳಿ, ಆ ಅಡಿಕೆಯ ಒಂದೊಂದು ಕಿಲೋಗೂ ನೀವು 200 ರೂಪಾಯಿ ಕೊಟ್ಟು ಕೊಂಡ ಹಾಗಾಯಿತು. ಇದಕ್ಕೆ ಕೊನೆ (ಅಡಿಕೆ ಗೊನೆ) ತೆಗೆಯುವ, ಹೆಕ್ಕುವ, ಒಣಗಿಸುವ, ಸುಲಿಯುವ ಮಜೂರಿ ಸೇರಿಸಿ. ಧಾರಣೆ ಈ ಮೊತ್ತಕ್ಕಿಂತ ಎಷ್ಟು ಮೇಲಿದೆಯೋ ಅಷ್ಟೇ ನಿಮ್ಮದು. ಇಳುವರಿ ಏರಿಯೂ ಸಾಲ ಇಳಿಯದ ತೋಟಗಳಲ್ಲಿ ಈ ಅಂತರ ತೆಳ್ಳಗಿರುತ್ತದೆ. ಮನೆಯವರ ದುಡಿಮೆಯನ್ನು ಬೇರೆ ಕಾಲಮ್ಮಿನಲ್ಲಿ ಗಂಟೆಯ ಲೆಕ್ಕದಲ್ಲಿ ಬರೆಯಿರಿ, ಅದನ್ನು ಸೊನ್ನೆ ಎಂದು ಹಿಡಿಯಬೇಡಿ. ಖರ್ಚು ಯಾವ ತಿಂಗಳು ಹೋಯಿತು, ಹಣ ಯಾವ ತಿಂಗಳು ಬಂತು ಎಂಬುದನ್ನೂ ಬರೆದಿಡಿ. ಮೇ ತಿಂಗಳಲ್ಲಿ ಸಾಲ ತಂದು ಹಾಕಿದ ಗೊಬ್ಬರದ ಅಡಿಕೆ ಅಂಗಳದಲ್ಲಿ ಒಣಗಿ ಮಾರಾಟವಾಗುವಾಗ ಮುಂದಿನ ಬೇಸಗೆ ಬಂದಿರುತ್ತದೆ, ಅಲ್ಲಿಯ ತನಕದ ಬಡ್ಡಿಯೂ ಗೊಬ್ಬರದ ಬೆಲೆಯೇ.

ಇನ್ನು ಗೊಬ್ಬರಕ್ಕೆ ಬರೋಣ. ಫಲ ಕೊಡುವ ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಸಾಮಾನ್ಯ ಶಿಫಾರಸು. ಚೀಲದ ಲೆಕ್ಕದಲ್ಲಿ ಹೇಳುವುದಾದರೆ 220 ಗ್ರಾಂ ಯೂರಿಯಾ, 200 ಗ್ರಾಂ ರಾಕ್ ಫಾಸ್ಫೇಟ್, 235 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್. ಜೊತೆಗೆ 12 ಕಿಲೋ ಹಟ್ಟಿಗೊಬ್ಬರ ಅಥವಾ ಕಾಂಪೋಸ್ಟು, 12 ಕಿಲೋ ಸೊಪ್ಪು. 9 ಅಡಿ ಅಂತರದಲ್ಲಿ ನೆಟ್ಟ 60 ಸೆಂಟ್ಸಿನಲ್ಲಿ ಸುಮಾರು 320 ಮರ. ಅಂದರೆ 70 ಕಿಲೋ ಯೂರಿಯಾ, 64 ಕಿಲೋ ರಾಕ್ ಫಾಸ್ಫೇಟ್, 75 ಕಿಲೋ ಪೊಟ್ಯಾಷ್, ವರ್ಷಕ್ಕೆ ಇಷ್ಟೇ. ಕಳೆದ ವರ್ಷದ ಬಿಲ್ಲು ತೆಗೆದು ಇದರ ಪಕ್ಕ ಇಟ್ಟು ನೋಡಿ.

ಸಂಯುಕ್ತ ಗೊಬ್ಬರದ ತೊಂದರೆ ಇರುವುದು ಇಲ್ಲಿ. 17:17:17ರಲ್ಲಿ ಅಡಿಕೆಗೆ ಬೇಕಾದ ಪೊಟ್ಯಾಷ್ ತುಂಬುವಷ್ಟು ಹಾಕಿದರೆ ರಂಜಕ ಬೇಕಾದದ್ದರ ಮೂರೂವರೆ ಪಾಲು ಬೀಳುತ್ತದೆ. ಚೀಲದಲ್ಲಿ ದುಬಾರಿಯಾದ ಅಂಶವೇ ರಂಜಕ. ವರ್ಷಗಟ್ಟಲೆ ಗೊಬ್ಬರ ತಿಂದ ತೋಟದ ಮಣ್ಣಿನಲ್ಲಿ ಅದು ಆಗಲೇ ಸಾಕಷ್ಟು ಕೂತಿರಲೂಬಹುದು. ಮಣ್ಣು ಪರೀಕ್ಷೆಯಲ್ಲಿ ಹಾಗೆ ಬಂದರೆ ರಾಕ್ ಫಾಸ್ಫೇಟನ್ನೂ ಒಂದೆರಡು ವರ್ಷ ಬಿಡಬಹುದು. ಟಾನಿಕ್ಕನ್ನು ಈಗಲೇ ಬಿಡಿ.

ಮಾದರಿ ಮಣ್ಣು ತೆಗೆಯುವುದು ಗೊಬ್ಬರ ಹಾಕಿ ಎರಡು-ಮೂರು ತಿಂಗಳಾದ ಮೇಲೆ. ಮರದಿಂದ ಎರಡೂವರೆ ಅಡಿ ದೂರದಲ್ಲಿ, ಮೇಲಿನ ತರಗೆಲೆ ಸರಿಸಿ, ಒಂದು ಅಡಿ ಆಳದ ತನಕ. ಹತ್ತು ಕಡೆಯದ್ದನ್ನು ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಡುತ್ತಾ ಹೋಗಿ ಅರ್ಧ ಕಿಲೋಗೆ ಇಳಿಸಿ. ನೆರಳಲ್ಲಿ ಒಣಗಿಸಿ ಕೃಷಿಭವನಕ್ಕೆ ಕೊಡಿ. ನಮ್ಮ ಮುರಕಲ್ಲು ಮಣ್ಣು ಹುಳಿ ಇರುವುದೇ ಹೆಚ್ಚು, ಸುಣ್ಣ ಎಷ್ಟು ಎಂಬುದು ಆ ವರದಿಯಲ್ಲಿ ಬರುತ್ತದೆ. ಸುಣ್ಣಕ್ಕೂ ಯೂರಿಯಾಕ್ಕೂ ಮಧ್ಯೆ ಎರಡು-ಮೂರು ವಾರ ಬಿಡಲೇಬೇಕು. ಒಟ್ಟಿಗೆ ಬಿದ್ದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.

ಹಾಕುವ ಹೊತ್ತೂ ಮುಖ್ಯ. ಜೂನ್, ಜುಲೈಯ ಜಡಿಮಳೆಗೆ ಹಾಕಿದ ಯೂರಿಯಾ ಕಣಿ (ಚರಂಡಿ) ಸೇರುತ್ತದೆ. ಸಣ್ಣ ಕಂತನ್ನು ಮೇ ತಿಂಗಳ ಬಿಡಿ ಮಳೆಗೆ, ದೊಡ್ಡ ಕಂತನ್ನು ಮಳೆಯ ಜೋರು ಇಳಿದ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಕೊಡಿ. ಬುಡಕ್ಕೆ ತಾಗಿಸದೆ ಎರಡೂವರೆ ಅಡಿ ದೂರದ ತನಕ ಸುತ್ತಲೂ ಹರಡಿ, ಸೊಪ್ಪು ಮುಚ್ಚಿ.

ಕಣಿ ಬಿಡಿಸುವುದು, ಸೊಪ್ಪು ಮುಚ್ಚುವುದು, ಹೊತ್ತಿಗೆ ಸರಿಯಾಗಿ ಮದ್ದು, ಮಣ್ಣು ಪರೀಕ್ಷೆ: ಇವಕ್ಕೆ ನಗದು ಕಡಿಮೆ ಸಾಕು, ಮೊದಲು ಇವೇ ಆಗಲಿ. ಹನಿ ನೀರಾವರಿ, ಡ್ರೈಯರ್, ಹೊಸ ತಳಿ ಆಮೇಲೆ. ನಮಗೆ ಕಂಡ ಮಟ್ಟಿಗೆ ಸಣ್ಣ ತೋಟಗಳಲ್ಲಿ ಈ ಕ್ರಮ ತಲೆಕೆಳಗಾಗಿರುತ್ತದೆ, ಸಬ್ಸಿಡಿ ಸಿಕ್ಕುವುದು ಎರಡನೆಯ ಬಗೆಯದಕ್ಕೆ ನೋಡಿ.

ಪ್ರಶ್ನೆ: ಎರಡು ಸಲ ಮದ್ದು ಬಿಟ್ಟರೂ ಮಹಾಳಿ (ಕೊಳೆರೋಗ) ಬಂತು. ಮರ ಹತ್ತುವವರು ಸಿಗುವುದಿಲ್ಲ, ಕಾರ್ಬನ್ ದೋಟಿ ಕೊಳ್ಳುವುದೇ?
— ಓದುಗರು, ಮುಳ್ಳೇರಿಯ

ಉತ್ತರ: ದೋಟಿಯ (ಉದ್ದ ಕೋಲಿನ) ಮಾತು ಆಮೇಲೆ. ಮದ್ದು ಸರಿಯಾಗಿತ್ತೇ ಎಂಬುದು ಮೊದಲ ಪ್ರಶ್ನೆ. ಬೋರ್ಡೋ ದ್ರಾವಣದಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಸುಣ್ಣದಿಂದ.

100 ಲೀಟರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಡುಸುಣ್ಣ. ಮೈಲುತುತ್ತನ್ನು ಬಟ್ಟೆಯಲ್ಲಿ ಕಟ್ಟಿ 50 ಲೀಟರ್ ನೀರಿನ ಮೇಲುಭಾಗದಲ್ಲಿ ಮುಳುಗುವಂತೆ ಹಿಂದಿನ ರಾತ್ರಿಯೇ ತೂಗುಹಾಕಿ. ಬೆಳಗ್ಗೆಗೆ ತಾನಾಗಿ ಕರಗಿರುತ್ತದೆ, ಅಡಿಗೆ ಹಾಕಿದರೆ ಗಟ್ಟಿಯಾಗಿ ಕೂರುತ್ತದೆ. ಸುಣ್ಣಕ್ಕೆ ಸ್ವಲ್ಪ ಸ್ವಲ್ಪವೇ ನೀರು ಹಾಕಿ ಅರಳಿಸಿ, ಸೋಸಿ, ಇನ್ನೊಂದು 50 ಲೀಟರ್ ಮಾಡಿ. ಬಳಿಕ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕೋಲಾಡಿಸುತ್ತಾ ಹೊಯ್ಯಬೇಕು. ಇದನ್ನು ತಿರುವುಮುರುವು ಮಾಡಿದರೆ ಕಣ ದಪ್ಪವಾಗಿ ಬೇಗ ಅಡಿಗೆ ಇಳಿಯುತ್ತದೆ, ನಳಿಗೆಯ ಬಾಯಿ ಕಟ್ಟುತ್ತದೆ, ಕಾಯಿಗೆ ಅಂಟುವುದೂ ಕಡಿಮೆ. ಪಾತ್ರೆ ಪ್ಲಾಸ್ಟಿಕ್ಕಿನದೋ ಮಣ್ಣಿನದೋ ಆಗಲಿ, ಕಬ್ಬಿಣದ್ದು ಬೇಡ.

ಆದ ಮೇಲೆ ಹೊಳೆಯುವ ಕಬ್ಬಿಣದ ಚೂರಿಯನ್ನು ಒಂದು ನಿಮಿಷ ಅದ್ದಿ. ಚೂರಿಯ ಮೇಲೆ ಕೆಂಪು ಬಣ್ಣ ಕೂತರೆ ತಾಮ್ರ ಬಿಡಿಯಾಗಿ ಉಳಿದಿದೆ ಎಂದರ್ಥ, ಸುಣ್ಣದ ನೀರು ಇನ್ನಷ್ಟು ಸೇರಿಸಿ ಮತ್ತೆ ನೋಡಿ. ಹಾಗೇ ಬಿಟ್ಟರೆ ನಳ್ಳಿ (ಎಳೆಗಾಯಿ) ಸುಡುತ್ತದೆ. ಮೂಟೆ ಒಡೆದು ತಿಂಗಳಾದ ಸುಣ್ಣಕ್ಕೆ ಗಾಳಿ ಹಿಡಿದು ಸತ್ವ ಹೋಗಿರುತ್ತದೆ. ಒಂದು ಕಿಲೋ ತೂಗಿ ಹಾಕಿಯೂ ಚೂರಿ ಕೆಂಪಾಗುವುದು ಅದರಿಂದಲೇ. ಮಾಡಿದ ಮದ್ದು ಆ ದಿನವೇ ಮುಗಿಯಬೇಕು.

ಹೊತ್ತಿನ ವಿಷಯ. ಮೊದಲ ಸರದಿ ಮಳೆ ಹಿಡಿಯುವ ಮೊದಲು, ಎಂದರೆ ಮೇ ಕೊನೆಗೆ ಅಥವಾ ಜೂನ್ ಆರಂಭಕ್ಕೆ. ಎರಡನೆಯದು 40ರಿಂದ 45 ದಿನಕ್ಕೆ. ಮಳೆ ಬಿಡದೆ ಹಿಡಿದರೆ ಮೂರನೆಯದೂ ಬೇಕು. ಜೂನ್ 20ಕ್ಕೆ ಮೊದಲ ಮದ್ದು ಬಿಟ್ಟ ತೋಟದಲ್ಲಿ ರೋಗಾಣು ಆಗಲೇ ಕಾಯಿಯೊಳಗೆ ಹೊಕ್ಕಿರುತ್ತದೆ. ಬೋರ್ಡೋ ಕಾವಲು ಕಾಯುತ್ತದೆ, ಒಳಹೊಕ್ಕದ್ದನ್ನು ಓಡಿಸುವುದಿಲ್ಲ. ಕೊನೆಯ ಮೇಲ್ಮೈ ಮಾತ್ರವಲ್ಲ, ಒಳಸಂದಿ, ತೊಟ್ಟಿನ ಬುಡ ಎಲ್ಲ ನೆನೆಯಬೇಕು. ಕೊಳೆ ಶುರುವಾಗುವುದು ತೊಟ್ಟಿನ ಕಡೆಯಿಂದ. ಬಿದ್ದ ಕಾಯಿಯ ಮೇಲೆ ಬಿಳಿ ಹಿಟ್ಟಿನಂಥದ್ದು ಕಾಣುತ್ತದಲ್ಲ, ಅದೇ ಮುಂದಿನ ಕೊನೆಗಳಿಗೆ ಬೀಜ. ಹೆಕ್ಕಿ ತೋಟದಿಂದ ಹೊರಗೆ ಹೂಳಿ ಅಥವಾ ಸುಡಿ.

ದೋಟಿ ಒಳ್ಳೆಯದೇ, ಕೆಳಗೆ ನಿಂತೇ ಮದ್ದು ಬಿಡಬಹುದು, ಕೊನೆಯನ್ನೂ ಇಳಿಸಬಹುದು. ಆದರೆ 60 ಸೆಂಟ್ಸು, ಎಕ್ರೆಗೆಂದು ಒಬ್ಬರೇ ಕೊಳ್ಳುವುದು ದುಬಾರಿ. ಆರೇಳು ಮನೆ ಸೇರಿ ಕೊಂಡರೆ ಹಿಡಿಸುತ್ತದೆ, ಮದ್ದಿನ ಸರದಿ ಮೊದಲೇ ನಿಶ್ಚಯಿಸಿಕೊಂಡರೆ ಜಗಳವೂ ಇಲ್ಲ. 60 ಅಡಿಗಿಂತ ಎತ್ತರದ ಮರಕ್ಕೆ ದೋಟಿ ಬಾಗುತ್ತದೆ, ಗಾಳಿಯಿದ್ದರೆ ಗುರಿ ನಿಲ್ಲುವುದಿಲ್ಲ. ಅಂಥ ಮರಗಳನ್ನು ಹತ್ತುವವರಿಗೇ ಬಿಡಿ. ಇನ್ನೊಂದು ಮಾತು: ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ. ಲೈನು ಹಾದುಹೋಗುವ ಕಡೆ ದೋಟಿ ಎತ್ತಲೇಬೇಡಿ. ಒದ್ದೆ ತೋಟದಲ್ಲಿ ನಿಂತು ಎತ್ತುವುದಂತೂ ಕೂಡದು.

ಪ್ರಶ್ನೆ: ಒಂದು ಎಕ್ರೆ ತೋಟಕ್ಕೆ ಸುರಂಗದ ನೀರು, ಮಾರ್ಚಿನಿಂದ ಇಳಿಯುತ್ತಾ ಹೋಗುತ್ತದೆ. ಹನಿ ನೀರಾವರಿ ಮಾಡಿದರೆ ಸಾಕಾದೀತೇ, ಬೋರ್‌ವೆಲ್ ಕೊರೆಯಬೇಕೇ?
— ಓದುಗರು, ಬಾಯಾರು

ಉತ್ತರ: ಬೋರ್‌ವೆಲ್ ಬಗ್ಗೆ ಯೋಚಿಸುವ ಮೊದಲು ಒಂದು ಕೊಡಪಾನ ಹಿಡಿದು ಸುರಂಗದ, ಎಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಿಲದ, ಬಾಯಿಗೆ ಹೋಗಿ. ಏಪ್ರಿಲ್ ಕೊನೆಯಲ್ಲಿ 10 ಲೀಟರ್ ತುಂಬಲು ಎಷ್ಟು ಸೆಕೆಂಡು ಬೇಕು ಎಂದು ನೋಡಿ. 90 ಸೆಕೆಂಡಾದರೆ ಗಂಟೆಗೆ 400 ಲೀಟರ್, ದಿನಕ್ಕೆ 9,600. ಎಕ್ರೆಯ ಸುಮಾರು 540 ಮರಗಳಿಗೆ ಹನಿಯಲ್ಲಿ ತಲಾ 16ರಿಂದ 20 ಲೀಟರ್ ಬೇಕು. ಆ ಲೆಕ್ಕಕ್ಕೆ 9,600 ಸರಿಯಾಗಿ ಒದಗುತ್ತದೆ. ಅದೇ ನೀರನ್ನು ಬುಡಕ್ಕೆ ಬಿಡುವ ಹಳೆಯ ಕ್ರಮದಲ್ಲಿ ನಾಲ್ಕೈದು ದಿನಕ್ಕೊಮ್ಮೆ ಮರಕ್ಕೆ 175 ಲೀಟರ್ ಬೇಕು, ಅಂದರೆ ಹೆಚ್ಚುಕಮ್ಮಿ ದುಪ್ಪಟ್ಟು. ಎರಡು ನಿಮಿಷಕ್ಕೆ ತುಂಬಿದರೆ ದಿನಕ್ಕೆ 7,200 ಲೀಟರ್. ಮರಕ್ಕೆ 13 ಲೀಟರಿನ ಹಾಗೆ ಬೇಸಗೆ ದಾಟಿಸಬಹುದು, ಸೊಪ್ಪು ದಪ್ಪಕ್ಕೆ ಮುಚ್ಚಿದ್ದರೆ.

ಸುರಂಗ ರಾತ್ರಿ ಹಗಲು ಹರಿಯುತ್ತದೆ, ನೀವು ನೀರು ಬಿಡುವುದು ಕೆಲವೇ ಗಂಟೆ. ಆದ್ದರಿಂದ ಒಂದು ದಿನದ ನೀರು, ಎಂದರೆ 10,000 ಲೀಟರ್ ಹಿಡಿಯುವ ಟ್ಯಾಂಕಿಯೋ ಮದಕವೋ ಬೇಕೇ ಬೇಕು. ಟ್ಯಾಂಕಿ ತೋಟಕ್ಕಿಂತ 30 ಅಡಿ ಮೇಲಿದ್ದರೆ ಪಂಪೇ ಬೇಡ, ಮಾಮೂಲಿ ಡ್ರಿಪ್ಪರಿಗೆ ಬೇಕಾದ ಒತ್ತಡ ತಾನಾಗಿ ಸಿಗುತ್ತದೆ. ಹತ್ತಡಿ ಮಾತ್ರ ಎತ್ತರವಿದ್ದರೆ ಡ್ರಿಪ್ಪರಿನ ಬದಲು ಸಪೂರ ಮೈಕ್ರೋಟ್ಯೂಬ್ ಹಾಕಿ, ಸಾಲಿನ ಪೈಪುಗಳು ಗಿಡ್ಡವಿರಲಿ. ಉದ್ದವಾದಷ್ಟೂ ತುದಿಯ ಮರಗಳಿಗೆ ನೀರು ಸಾಲುವುದಿಲ್ಲ.

ಜೋಡಣೆ ಹೀಗೆ: ಟ್ಯಾಂಕಿಯಿಂದ ಗೇಟುವಾಲ್ವು, ಬಳಿಕ ಫಿಲ್ಟರ್, ಎರಡಿಂಚಿನ ಮುಖ್ಯ ಪೈಪು, ಒಂದೊಂದು ಸಾಲಿಗೆ 16 ಮಿ.ಮೀ. ಕರಿ ಪೈಪು. ಮರಕ್ಕೆ ಗಂಟೆಗೆ 4 ಲೀಟರಿನ ಎರಡು ಡ್ರಿಪ್ಪರ್, ಬುಡದಿಂದ ಎರಡಡಿ ದೂರದಲ್ಲಿ ಆಚೆಗೊಂದು, ಈಚೆಗೊಂದು. ಎರಡರಿಂದ ಎರಡೂವರೆ ಗಂಟೆಗೆ ನೀರು ಪೂರ್ತಿಯಾಗುತ್ತದೆ. ಇಡೀ ಎಕ್ರೆಗೆ ಒಮ್ಮೆಲೇ ಬಿಟ್ಟರೆ ಗಂಟೆಗೆ 4,300 ಲೀಟರ್ ಎಳೆಯುತ್ತದೆ, ಹಾಗಾಗಿ ವಾಲ್ವು ಹಾಕಿ ಎರಡು ಭಾಗ ಮಾಡಿ.

ನಮ್ಮ ಕಡೆ ಹನಿ ನೀರಾವರಿ ಎರಡನೆಯ ವರ್ಷಕ್ಕೆ ಮೂಲೆ ಸೇರುವುದು ಕೆಂಪು ಲೋಳೆಯಿಂದ. ಮುರಕಲ್ಲಿನ ನೀರಿನಲ್ಲಿ ಕಬ್ಬಿಣದ ಅಂಶ ಕರಗಿರುತ್ತದೆ, ಗಾಳಿ ತಾಗಿದೊಡನೆ ತುಕ್ಕಾಗಿ ಕೂರುತ್ತದೆ. ಅದು ಪೈಪಿನೊಳಗೆ ಆಗುವ ಬದಲು ಟ್ಯಾಂಕಿಯಲ್ಲೇ ಆಗಲಿ ಎಂದು ನೀರನ್ನು ಎತ್ತರದಿಂದ ಕಲ್ಲಿನ ಮೇಲೆ ಚೆಲ್ಲುವ ಹಾಗೆ ಬಿಡಿ, ಒಂದು ರಾತ್ರಿ ತಳಿಯಲು ಬಿಡಿ. ಹೊರಹೋಗುವ ಪೈಪು ಟ್ಯಾಂಕಿಯ ಅಡಿಗಿಂತ ಒಂದಡಿ ಮೇಲಿರಲಿ. ಡಿಸ್ಕ್ ಫಿಲ್ಟರನ್ನು ವಾರಕ್ಕೊಮ್ಮೆ ಬಿಚ್ಚಿ ತೊಳೆಯಿರಿ, ಹದಿನೈದು ದಿನಕ್ಕೊಮ್ಮೆ ಸಾಲಿನ ತುದಿ ಬಿಚ್ಚಿ ನೀರು ಸ್ವಚ್ಛ ಬರುವ ತನಕ ಹರಿಸಿ. ಬೇಸಗೆಯಲ್ಲಿ ಬಾಯಾರಿದ ಅಳಿಲು ಪೈಪು ಕಡಿಯುತ್ತದೆ. ನಾಲ್ಕು ಚಿಪ್ಪಿನಲ್ಲಿ ನೀರಿಟ್ಟರೆ ಪೈಪು ಉಳಿಯುತ್ತದೆ ಎಂಬ ಅನುಭವ ಹಲವರದು, ಖರ್ಚಿಲ್ಲದ ಕೆಲಸ, ಮಾಡಿ ನೋಡಿ.

ಪೈಪಿನಲ್ಲೇ ಗೊಬ್ಬರ ಕೊಡುವುದಾದರೆ ಯೂರಿಯಾ ಮತ್ತು ಬಿಳಿ ಪೊಟ್ಯಾಷ್ ಮಾತ್ರ. ಕೆಂಪು ಪೊಟ್ಯಾಷಿನ ಗಸಿ ಡ್ರಿಪ್ಪರ್ ಕಟ್ಟುತ್ತದೆ, ರಾಕ್ ಫಾಸ್ಫೇಟ್ ಕರಗುವುದೇ ಇಲ್ಲ, ಅದು ಮಣ್ಣಿಗೇ. ಹತ್ತು ದಿನಕ್ಕೊಮ್ಮೆ ಕಂತಿನಲ್ಲಿ ಕೊಟ್ಟರೆ ಶಿಫಾರಸಿನ ಮುಕ್ಕಾಲು ಪಾಲು ಸಾಕು. ಕೊನೆಗೆ ಕಾಲು ಗಂಟೆ ಬರೀ ನೀರು ಹರಿಸಿ.

ಹನಿ ನೀರಾವರಿಗೆ ಕೇಂದ್ರದ ಪರ್ ಡ್ರಾಪ್ ಮೋರ್ ಕ್ರಾಪ್ ಯೋಜನೆಯ (ಮೊದಲು ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯೊಳಗೆ ಇದ್ದದ್ದು) ಕ್ರಮದಲ್ಲಿ ಸಣ್ಣ, ಅತಿಸಣ್ಣ ಹಿಡುವಳಿದಾರರಿಗೆ 55 ಶೇಕಡ, ಉಳಿದವರಿಗೆ 45 ಶೇಕಡ ಸಹಾಯಧನ. ಅದು ನಿಮ್ಮ ಬಿಲ್ಲಿನ ಮೇಲಲ್ಲ, ಸರಕಾರ ಗೊತ್ತುಮಾಡಿದ ದರದ ಮೇಲೆ ಎಂಬುದು ನೆನಪಿರಲಿ. ತೀರ್ವೆ (ಭೂಕಂದಾಯ) ರಶೀದಿ, ಆಧಾರ್, ಪಾಸ್‌ಬುಕ್ಕು ಹಿಡಿದು ಕೃಷಿಭವನದಲ್ಲಿ ವಿಚಾರಿಸಿ, ಮಂಜೂರಾತಿ ಸಿಗುವ ಮೊದಲು ಸಾಮಾನು ಕೊಳ್ಳಬೇಡಿ.

ಬೋರ್‌ವೆಲ್ ಬೇಡ ಎಂದೇ ನಮ್ಮ ಅಭಿಪ್ರಾಯ. ಅದೇ ಗುಡ್ಡದಲ್ಲಿ ಕೊರೆದು ನಿಮ್ಮದೋ ನೆರೆಯವರದೋ ಸುರಂಗ ಬತ್ತಿದರೆ ಬಂದ ನೀರಿಗಿಂತ ಹೋದ ನೀರೇ ಹೆಚ್ಚು. ಹನಿಯಿಂದ ಮನೆಯವರಿಗೆ ಸಿಗುವ ದೊಡ್ಡ ಲಾಭವನ್ನು ಮಾತ್ರ ಯಾರೂ ಬರೆದಿಡುವುದಿಲ್ಲ: ಪೈಪು ಹಿಡಿದು ಬುಡದಿಂದ ಬುಡಕ್ಕೆ ನಡೆಯುವ ಗಂಟೆಗಳು ಉಳಿಯುತ್ತವೆ. ಹೆಚ್ಚಿನ ಮನೆಗಳಲ್ಲಿ ಅವು ಹೆಂಗಸರ ಗಂಟೆಗಳು.

ಪ್ರಶ್ನೆ: ಅಪ್ಪನ ಕಾಲದ ಮುಕ್ಕಾಲು ಎಕ್ರೆ ತೋಟ. ಮರಗಳು ಮುಗಿಲು ಮುಟ್ಟಿವೆ, ಫಸಲು ಇಳಿದಿದೆ. ಎಲ್ಲ ಕಡಿದು ಗಿಡ್ಡ ತಳಿ ಹಾಕಿದರೆ ಹೇಗೆ?
— ಓದುಗರು, ಕುಂಬ್ಡಾಜೆ

ಉತ್ತರ: ಒಮ್ಮೆಲೇ ಕಡಿದರೆ ನಾಲ್ಕೈದು ವರ್ಷ ಮನೆಗೆ ಅಡಿಕೆಯ ಹಣವೇ ಬರುವುದಿಲ್ಲ. ಬೇರೆ ಸಂಪಾದನೆ ಇಲ್ಲದಿದ್ದರೆ ಕಾಲುಭಾಗದಂತೆ ಮುಂದುವರಿಯಿರಿ. ನಾಲ್ಕು ಹಳೆಯ ಮರಗಳ ನಡುವೆ ಒಂದು ಹೊಸ ಗಿಡ, ಅದು ಮೂರು-ನಾಲ್ಕು ವರ್ಷದ್ದಾದ ಮೇಲೆ ಸುತ್ತಲಿನ ಹಳೆಯದನ್ನು ತೆಗೆಯುವುದು. ಮರದ ಗುಣ ನೋಡಿ ಕಡಿಯುವ ಸರದಿ ಇಡಿ. ಒಂದು ವರ್ಷ ಪ್ರತಿ ಮರದ ಕೊನೆ ಎಣಿಸಿ, ಕಾಂಡಕ್ಕೆ ಬಣ್ಣದ ಗುರುತು ಹಾಕಿದರೆ ಯಾವುದು ಮೊದಲು ಹೋಗಬೇಕು ಎಂಬುದು ಕಣ್ಣಿಗೇ ಕಾಣುತ್ತದೆ.

ಸುಮಂಗಳ, ಶ್ರೀಮಂಗಳ, ಮೋಹಿತ್‌ನಗರ ಎತ್ತರಕ್ಕೆ ಹೋಗುವಂಥವೇ, ಮಂಗಳ ಮಧ್ಯಮ ಎತ್ತರದ್ದು, ಆದರೆ ಇವೆಲ್ಲ ಫಸಲಿನಲ್ಲಿ ನಂಬಬಹುದಾದವು. ಗಿಡ್ಡ ಬೇಕೆಂದರೆ ಹಿರೇಹಳ್ಳಿ ಗಿಡ್ಡದ ಸಂಕರ ತಳಿಗಳು ಇವೆ, ವಿಟ್ಲದ ಕೇಂದ್ರದಲ್ಲಿ ಬೆಳೆಸಿದವು. ಕೊನೆ ತೆಗೆಯುವ, ಮದ್ದು ಬಿಡುವ ಖರ್ಚು ಇಳಿಯುವುದರಿಂದ ಸಣ್ಣ ತೋಟಕ್ಕೆ ಒಪ್ಪುತ್ತವೆ. ಮೋಸ ಹೋಗುವುದು ಎಲ್ಲಿ ಎಂದರೆ, ಸಂಕರ ಮರದ ಅಡಿಕೆಯನ್ನೇ ಬೀಜಕ್ಕೆ ಹಾಕಿ ಬೆಳೆಸಿದ ಗಿಡವನ್ನು ಸಂಕರ ತಳಿ ಎಂದು ಮಾರುತ್ತಾರೆ. ಆ ಗಿಡಗಳಲ್ಲಿ ಗಿಡ್ಡ, ಉದ್ದ, ಬಂಜೆ ಎಲ್ಲ ಬೆರಕೆ ಬರುತ್ತವೆ, ಗೊತ್ತಾಗುವಾಗ ಐದು ವರ್ಷ ಕಳೆದಿರುತ್ತದೆ. ಸಂಶೋಧನಾ ಕೇಂದ್ರದಿಂದಲೋ ನೆಚ್ಚಿಗೆಯ ನರ್ಸರಿಯಿಂದಲೋ ಬಿಲ್ಲು ಸಮೇತ ಕೊಳ್ಳಿ. ವರ್ಷ ದಾಟಿದ, ಐದಕ್ಕಿಂತ ಹೆಚ್ಚು ಎಲೆಯ, ಬುಡ ದಪ್ಪಗಿರುವ ಗಿಡ ಆರಿಸಿ. ಉದ್ದ ಸಪೂರ ಬೆಳೆದದ್ದು ಬೇಡ.

ಎಳೆಗಿಡಕ್ಕೆ ನೈರುತ್ಯದ ಬಿಸಿಲು ಶತ್ರು. ಆ ಕಡೆಗೆ ಬಾಳೆ ನೆಡಿ, ನೆರಳೂ ಆಯಿತು, ಮೊದಲೆರಡು ವರ್ಷ ಕೈಗೆ ನಾಲ್ಕು ಕಾಸೂ ಆಯಿತು. ಕಾಂಡ ಬಿಟ್ಟ ಮೇಲೆ ಸುಣ್ಣ ಬಳಿಯಿರಿ. ಕಾಳುಮೆಣಸನ್ನು ಹೊಸ ಮರಕ್ಕೆ ಆರೇಳು ವರ್ಷವಾಗುವ ತನಕ ಹಬ್ಬಿಸಬೇಡಿ. ಪಣಿಯೂರು-1 ನೆರಳು ದಟ್ಟವಿದ್ದರೆ ಕಾಯಿ ಕಚ್ಚುವುದಿಲ್ಲ, ಅಂಥಲ್ಲಿ ಕರಿಮುಂಡ ವಾಸಿ. ತೋಟದಲ್ಲಿ ಹಳದಿ ರೋಗ ಇದ್ದರೆ ಗಿಡ ಬದಲಿಸಿದ ಮಾತ್ರಕ್ಕೆ ಅದು ಹೋಗದು, ಅಂಥ ಜಾಗದಲ್ಲಿ ಅಡಿಕೆಯ ಮೇಲೇ ಹಣ ಸುರಿಯುವುದಕ್ಕಿಂತ ತೆಂಗು, ಕೊಕ್ಕೋ, ಮೆಣಸು ಕೂಡಿದ ಮಿಶ್ರ ತೋಟದ ಕಡೆ ಹೋಗುವುದು ಮೇಲು.

ಪ್ರಶ್ನೆ: 40 ಸೆಂಟ್ಸು ಬೈಲುಗದ್ದೆ. ಶ್ರೀ ಪದ್ಧತಿಯಲ್ಲಿ ಮಾಡಿದೆವು, ಏಣಿಲಿಗೆ ನೇಜಿ ಕೊಚ್ಚಿಹೋಯಿತು. ಎಲ್ಲಿ ತಪ್ಪಿದೆವು?
— ಓದುಗರು, ಕುಂಬಳೆ

ಉತ್ತರ: ಪದ್ಧತಿಗೆ ಹೊಂದದ ಏಣಿಲಿಗೆ, ಎಂದರೆ ಮಳೆಗಾಲದ ಬೆಳೆಗೆ, ಅದನ್ನು ತಂದದ್ದೇ ತೊಡಕು. ಮಡಗಾಸ್ಕರಿನಲ್ಲಿ ಹುಟ್ಟಿದ ಈ ಕ್ರಮದ ಜೀವಾಳ ನೀರಿನ ಹಿಡಿತ: ಗದ್ದೆ ಒದ್ದೆ ಇರಬೇಕು, ನೀರು ನಿಲ್ಲಬಾರದು. ಜುಲೈಯಲ್ಲಿ ಬೈಲಿಗೆ ಇಳಿದು ಬರುವ ನೀರನ್ನು ಹಿಡಿದಿಡಲು ಯಾರಿಂದಲೂ ಆಗದು. 10 ದಿನದ ನೇಜಿ (ಭತ್ತದ ಸಸಿ) ಸ್ವಲ್ಪ ನೀರು ಏರಿದರೂ ಮುಳುಗುತ್ತದೆ. ಏಣಿಲಿಗೆ ಬಲಿತ, ಎತ್ತರದ ನೇಜಿಯನ್ನೇ ನೆಡಿ, ಶ್ರೀಯನ್ನು ಅದರ ನಂತರದ ಸುಗ್ಗಿ ಬೆಳೆಗೆ ಇಟ್ಟುಕೊಳ್ಳಿ.

ಸುಗ್ಗಿಗೆ 40 ಸೆಂಟ್ಸಿಗೆ ಒಂದು ಕಿಲೋ ಬೀಜ ಸಾಕು. ಚೆಲ್ಲುವ ಲೆಕ್ಕದಲ್ಲಿ ಹತ್ತು ಕಿಲೋ ಹೋಗುತ್ತಿತ್ತು. ಒಂದು ಸೆಂಟ್ಸು ಜಾಗದಲ್ಲಿ ಮಡಿ ಮಾಡಿ, 8ರಿಂದ 12 ದಿನದೊಳಗೆ ಮಣ್ಣು ಸಮೇತ ಎತ್ತಿ, ಅರ್ಧ ಗಂಟೆಯೊಳಗೆ ಒಂದೊಂದೇ ನೇಜಿಯನ್ನು 25 ಸೆಂ.ಮೀ. ಚೌಕದಲ್ಲಿ ನೆಡಿ. ಹತ್ತು ದಿನಕ್ಕೊಮ್ಮೆ ಮೂರು ಸಲ ಕಳೆ ಮಗುಚುವ ಕೋನೋ ವೀಡರ್ ಓಡಿಸದಿದ್ದರೆ ಖಾಲಿ ಜಾಗವೆಲ್ಲ ಕಳೆಯ ಪಾಲು. ಬೀಜದಲ್ಲಿ ಉಳಿದದ್ದು ಕಳೆ ಕೀಳುವ ಮಜೂರಿಗೆ ಹೋಗುವುದು ಹೀಗೇ. ನಾಟಿ ಯಂತ್ರ ತರಿಸುವುದಾದರೆ ಪಾಡಶೇಖರ ಸಮಿತಿಯ (ಬೈಲಿನ ಗದ್ದೆಯವರ ಕೂಟದ) ಮೂಲಕ ಬೈಲಿಗೇ ಒಟ್ಟಾಗಿ ತರಿಸಿ. 40 ಸೆಂಟ್ಸಿಗೆಂದು ಯಂತ್ರ ಬಂದರೆ ಬಂದುಹೋಗುವ ಬಾಡಿಗೆಯೇ ನಾಟಿಗಿಂತ ಹೆಚ್ಚು.

ಹಟ್ಟಿಯಲ್ಲಿ ದನ ಇದ್ದರೆ ಬೈಹುಲ್ಲಿನ ಲೆಕ್ಕ ಮರೆಯಬೇಡಿ. ಗಿಡ್ಡ ತಳಿಯಲ್ಲಿ ಭತ್ತ ಹೆಚ್ಚು, ಹುಲ್ಲು ಕಡಿಮೆ. ಹುಲ್ಲು ಹಣ ಕೊಟ್ಟು ತರುವ ಮನೆಗೆ ಉದ್ದ ಹುಲ್ಲಿನ ಊರ ತಳಿಯೇ ಕೆಲವೊಮ್ಮೆ ಲಾಭ. ಜಿಲ್ಲೆಯಲ್ಲಿ ಊರ ತಳಿಗಳಿಗೆ ಬರವಿಲ್ಲ, 650ಕ್ಕೂ ಮಿಕ್ಕಿ ತಳಿಗಳನ್ನು ಕಾಪಾಡಿದ್ದಕ್ಕೆ 2024ರಲ್ಲಿ ಪದ್ಮಶ್ರೀ ಪಡೆದ ಸತ್ಯನಾರಾಯಣ ಬೇಳೇರಿ ಅವರು ಇಲ್ಲಿನವರೇ. ಅವರು ಹೆಸರಾದದ್ದು ರಾಜಕಯಮೆ ತಳಿಯಿಂದ.

ಪ್ರಶ್ನೆ: ಎರಡು ಎಕರೆ ಕರಿ ಭೂಮಿ, ತೊಗರಿ ಹಾಕ್ತೀವ್ರಿ. ಕುಡಿ ಚಿವುಟಿದ್ರ ಇಳುವರಿ ಹೆಚ್ಚು ಬರ್ತದಂತ ಹೇಳ್ತಾರ, ಖರೇನ? ಹೋದ ವರ್ಷ ಗಿಡ ಒಣಗಿ ಭಾಳ ಹಾನಿ ಆತು.
— ಓದುಗರು, ಅಕ್ಕಲಕೋಟೆ

ಉತ್ತರ: ಖರೇ ಅದ, ಆದರೆ ಹೊತ್ತು ತಪ್ಪಿದರೆ ನಷ್ಟ. ಬಿತ್ತಿದ 45ರಿಂದ 50 ದಿನಕ್ಕೆ ತುದಿಯ ಎರಡು ಅಂಗುಲ ಚಿವುಟಿದರೆ ಪಕ್ಕದ ಟೊಂಗೆ ಒಡೆಯುತ್ತವೆ, ಕಾಯಿ ಕಟ್ಟುವ ತುದಿಗಳು ಹೆಚ್ಚುತ್ತವೆ. ಮೊಗ್ಗು ಕಟ್ಟುವ ಹೊತ್ತಿಗೆ ಚಿವುಟಿದರೆ ಮೊಗ್ಗೇ ಹೋಗುತ್ತದೆ. ಮಳೆ ಕೈಕೊಟ್ಟು ಭೂಮಿ ಬಿರಿದಾಗಲೂ ಬೇಡ, ಗಿಡಕ್ಕೆ ಹೊಸ ಟೊಂಗೆ ಹೊರಡಿಸುವ ಕಸುವು ಇರೋದಿಲ್ಲ. ಸಾಲಿನ ಅಂತರ ನಾಲ್ಕೈದು ಅಡಿ ಇಲ್ಲದ ಹೊಲದಲ್ಲಿ ಟೊಂಗೆ ಒಡೆದರೂ ಹರಡಲು ಜಾಗ ಇಲ್ಲ, ಅಲ್ಲಿ ಮಷಿನ್ ಬಾಡಿಗೆ ದಂಡ. ಎರಡೆಕರೆಗೆ ಮನೆಮಂದಿ ಕುಡಗೋಲಿನಿಂದಲೇ ಮಾಡಬಹುದು.

ಒಣಗಿದ ಗಿಡದ ಬುಡ ಸೀಳಿ ನೋಡಿದಿರಾ? ಒಳಗೆ ಕರಿ ಗೆರೆ ಇದ್ದರೆ ಅದು ಸೊರಗು ರೋಗ, ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಇರುತ್ತದೆ. ಅದೇ ಹೊಲಕ್ಕೆ ಎರಡು-ಮೂರು ವರ್ಷ ಜೋಳ ಹಾಕಿ ಬೆಳೆ ತಿರುವಿ ಮಾಡಿರಿ. ಬೀಜಕ್ಕೆ ಕಿಲೋಗೆ 4 ಗ್ರಾಂ ಟ್ರೈಕೋಡರ್ಮಾ ಹಚ್ಚಿರಿ. ತಳಿಯೂ ಬದಲಾಗಲಿ: ಮಣ್ಣು ಆಳ ಇದ್ದರೆ ಸೊರಗು ಮತ್ತು ಗೊಡ್ಡು ರೋಗ ತಡೆಯುವ ಬಿಎಸ್‌ಎಂಆರ್-736, ಮಧ್ಯಮ ಮಣ್ಣಾದರೆ 150-155 ದಿನಕ್ಕೆ ಬರುವ ಬಿಡಿಎನ್-711. ಎರಡೂ ಮರಾಠವಾಡದ ಬದನಾಪುರ ಕೇಂದ್ರದವು. ನೀರು ನಿಲ್ಲುವ ಹೊಲಕ್ಕೆ ಏರುಮಡಿ ಮಾಡಿ ಬದುವಿನ ಕಡೆ ಹರಿ ಬಿಡಿರಿ.

ರಾಶಿ ಆದ ಕೂಡಲೇ ಎಲ್ಲ ಮಾರಬೇಡಿ, ಜನವರಿ-ಫೆಬ್ರವರಿಗೆ ಎಲ್ಲರ ಮಾಲೂ ಒಮ್ಮೆಲೇ ಬರುತ್ತದೆ. ಸಾಲಕ್ಕೆ ಬೇಕಾದಷ್ಟು ಮಾರಿ, ಉಳಿದದ್ದನ್ನು ಹಲ್ಲಿಗೆ ಕಟ್ ಅನ್ನುವಷ್ಟು ಒಣಗಿಸಿ ಇಡಿರಿ. ಹಸಿ ಇದ್ದರೆ ನುಸಿ ತಿಂದು ಹೆಚ್ಚಿನ ದರವೂ ಹೋಗುತ್ತದೆ.

ಪ್ರಶ್ನೆ: ರಾಗಿ ಬಿಟ್ಟು ಕಂಪೆನಿಯವರ ಒಪ್ಪಂದದ ಚೆಂಡುಹೂ ಹಾಕಬಹುದಾ?
— ಓದುಗರು, ತಾಳವಾಡಿ

ಉತ್ತರ: ಅರ್ಧ ಹಾಕಿ. ಹೂವಿನಿಂದ ಕೊಯ್ಲಿನ ದಿನಗಳಲ್ಲಿ ಆಗಾಗ ಕೈಗೆ ದುಡ್ಡು ಬರುತ್ತದೆ, ರಾಗಿಯಿಂದ ಮನೆಗೆ ಹಿಟ್ಟು, ದನಕ್ಕೆ ಹುಲ್ಲು. ಸಹಿ ಹಾಕುವ ಮೊದಲು ನಾಲ್ಕು ವಿಷಯ ಕಾಗದದಲ್ಲಿರಬೇಕು: ಕಿಲೋ ದರ, ಒದ್ದೆ ಹೂವಿಗೆ ಎಷ್ಟು ತೂಕ ಕಳೆಯುತ್ತಾರೆ, ಬೀಜ-ಗೊಬ್ಬರದ ಹಣ ಯಾವ ಕಂತಿನಿಂದ ಹಿಡಿಯುತ್ತಾರೆ, ಎಷ್ಟು ದಿನದೊಳಗೆ ಪಾವತಿ. ಒದ್ದೆ ತೂಕದ ಮಾತು ಬಾಯಲ್ಲೇ ಉಳಿದರೆ ಮಳೆಯ ವಾರದಲ್ಲಿ ಜಗಳ ಗ್ಯಾರಂಟಿ. ತೂಕ ಹೊಲದ ಬದುವಿನಲ್ಲೇ, ನಿಮ್ಮ ಕಣ್ಣೆದುರು ಆಗಲಿ. ಕೊಯ್ಯುವ ಆಳಿನ ಖರ್ಚು ಕಳೆದೇ ಲಾಭ ಎಣಿಸಿ, ಈ ಬೆಳೆಯಲ್ಲಿ ದೊಡ್ಡ ಖರ್ಚು ಅದೇ.

ಪ್ರಶ್ನೆ: ಗುಡ್ಡೆಯಲ್ಲಿ ಅರ್ಧ ಎಕ್ರೆ ಗೇರು ಕಸಿ ಗಿಡ ಹಾಕಿದ್ದೇವೆ, ಎರಡನೇ ವರ್ಷ. ಚಿಗುರು ಸುಟ್ಟ ಹಾಗೆ ಕರಗುತ್ತದೆ. ಔಷಧಿ ಹೊಡೆಯಲು ಮನೆಯವರಿಗೆ ಮನಸ್ಸಿಲ್ಲ.
— ಓದುಗರು, ಕಾರಡ್ಕ

ಉತ್ತರ: ಅದು ಟೀ ಸೊಳ್ಳೆಯ ಕೆಲಸ. ಇದೇ ಕೀಟದ ಹೆಸರಿನಲ್ಲಿ ಸರಕಾರಿ ಗೇರು ತೋಟಗಳ ಮೇಲೆ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು, 2011ರಲ್ಲಿ ಸುಪ್ರೀಂ ಕೋರ್ಟು ಆ ಕೀಟನಾಶಕವನ್ನೇ ದೇಶದಲ್ಲಿ ತಡೆದದ್ದು ನಿಮ್ಮ ಊರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಮನೆಯವರ ಅಳುಕಿಗೆ ಕಾರಣ ಉಂಟು.

ಅರ್ಧ ಎಕ್ರೆಗೆ ಕೈಕೆಲಸದಿಂದಲೇ ಬಹಳಷ್ಟು ಆಗುತ್ತದೆ. ಕೆಂಪು ಚಗಳಿ ಇರುವೆ ಈ ಸೊಳ್ಳೆಯನ್ನು ಹಿಡಿದು ತಿನ್ನುತ್ತದೆ. ಎಲೆಗೂಡು ಇರುವ ಗೆಲ್ಲನ್ನು ಮುಂಜಾನೆ ತಂಪಿನಲ್ಲಿ ಕಡಿದು ತಂದು ಕಟ್ಟಿ, ಗಿಡದಿಂದ ಗಿಡಕ್ಕೆ ಬಳ್ಳಿ ಎಳೆದು ದಾರಿ ಮಾಡಿಕೊಡಿ. ಎರಡು ಗೂಡಿನ ಇರುವೆಗಳನ್ನು ಒಂದೇ ಗಿಡಕ್ಕೆ ತರಬೇಡಿ, ಕಾದಾಡಿ ಸಾಯುತ್ತವೆ. ಕೊಯ್ಲಿನ ಹೊತ್ತಿಗೆ ಕಚ್ಚುತ್ತವೆ ನಿಜ, ಗೇರುಬೀಜವನ್ನು ಬಿದ್ದ ಮೇಲೆ ಹೆಕ್ಕುವ ಕಾರಣ ಅಷ್ಟೊಂದು ಉಪದ್ರವಿಲ್ಲ. ಕರಗಿದ ಚಿಗುರನ್ನು ಕತ್ತರಿಸಿ ಸುಡಿ, ನಡುವಿನ ಗೆಲ್ಲು ಬಿಡಿಸಿ ಒಳಗೆ ಬಿಸಿಲು ಬೀಳುವಂತೆ ಮಾಡಿ.

ಹಾಗೆಯೇ ಕಸಿಯ ಗಂಟಿನ ಕೆಳಗೆ ಚಿಗುರು ಬಂದಿದೆಯೋ ನೋಡಿ. ಬಂದಿದ್ದರೆ ಇವತ್ತೇ ಚಿವುಟಿ, ಬಿಟ್ಟರೆ ಕಾಟು ಬುಡವೇ ಮೇಲಾಗಿ ಕಸಿ ಸಾಯುತ್ತದೆ. ಎರಡನೇ ವರ್ಷವೇ ಹೂ ಬಂದರೆ ಅದನ್ನೂ ತೆಗೆಯಿರಿ, ಮೂರನೇ ವರ್ಷದಿಂದ ಬೀಜ ಬಿಡಲಿ.